ಬೋರ್ಡಿನ ಹಿಂದಿನ ಗೋಡೆ

1718ರಲ್ಲಿ ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿ, ಬ್ರೈಡ್ ಲೇನ್ ಸಮೀಪ, ಅಂಗಡಿಯೊಂದರ ತೂಗುಫಲಕ ಕುಸಿಯಿತು. ಬಿದ್ದದ್ದು ಫಲಕವೊಂದೇ ಅಲ್ಲ. ಅದರ ಭಾರಕ್ಕೆ ಕಟ್ಟಡದ ಮುಂಗೋಡೆಯೇ ಕಿತ್ತು ಬಂತು. ನಾಲ್ವರು ಪ್ರಾಣ ಕಳೆದುಕೊಂಡರು. ಬೋರ್ಡು ಬರೆಯುವುದು ಒಂದು ವಿದ್ಯೆ, ಅದನ್ನು ನಿಲ್ಲಿಸುವುದು ಇನ್ನೊಂದು ವಿದ್ಯೆ ಎಂಬ ಪಾಠವನ್ನು ನಗರಗಳು ಇಂಥ ಸಾವುಗಳಿಂದಲೇ ಕಲಿತಿವೆ.

ಆಗ ಲಂಡನ್ನಿನ ಮನೆಗಳಿಗೆ ನಂಬರು ಇರಲಿಲ್ಲ. ಓದು ಬಲ್ಲವರೂ ಕಡಿಮೆ. ಹೀಗಾಗಿ ಸಿಂಹ, ಗಂಟೆ, ಬೂಟುಗಳ ಚಿತ್ರವೇ ಅಂಗಡಿಯ ವಿಳಾಸ. ಬೀದಿಗೆ ಫಲಕ ತೂಗುಹಾಕಲು ದೊರೆ ಒಂದನೇ ಚಾರ್ಲ್ಸ್ ನಾಗರಿಕರಿಗೆ ಅನುಮತಿ ಕೊಟ್ಟಿದ್ದ. ಪೈಪೋಟಿ ಶುರುವಾಯಿತು. ಪಕ್ಕದವನದಕ್ಕಿಂತ ತನ್ನ ಫಲಕ ದೊಡ್ಡದಿರಬೇಕು, ಬೀದಿಯೊಳಕ್ಕೆ ಇನ್ನಷ್ಟು ಚಾಚಿರಬೇಕು! 1666ರ ಮಹಾ ಅಗ್ನಿದುರಂತದ ನಂತರ ಬಂದ ಕಾಯ್ದೆ, ಫಲಕಗಳನ್ನು ತೂಗುಹಾಕದೆ ಮನೆಯ ಮುಂಭಾಗಕ್ಕೇ ಜಡಿಯಬೇಕೆಂದು ಹೇಳಿತು. ಪಾಲಿಸಿದವರು ಕಡಿಮೆ.

ಚಾಚಿದ ಫಲಕದ ಅಪಾಯ ಸರಳ ಲೆಕ್ಕದ್ದು. ಅದು ಸನ್ನೆಕೋಲಿನಂತೆ ವರ್ತಿಸುತ್ತದೆ. ಅದೇ ತೂಕವನ್ನು ಗೋಡೆಯಿಂದ ಎರಡು ಪಟ್ಟು ದೂರಕ್ಕೆ ಸರಿಸಿದರೆ, ಕಂಬಿಯ ಬುಡವನ್ನು ಗೋಡೆಯಿಂದ ಕೀಳುವ ಬಲವೂ ಎರಡು ಪಟ್ಟಾಗುತ್ತದೆ. ಇದರ ಜೊತೆಗೆ ಗಾಳಿ. ಗಾಳಿಯ ವೇಗ ಇಮ್ಮಡಿಯಾದರೆ ಫಲಕದ ಮೇಲಿನ ಒತ್ತಡ ನಾಲ್ಕು ಪಟ್ಟು ಏರುತ್ತದೆ. ಗೋಡೆಗೆ ಒತ್ತಿ ಕೂರಿಸಿದ ಫಲಕಕ್ಕೆ ಈ ತೊಂದರೆ ಕಡಿಮೆ.

ಕೊನೆಗೆ ಪ್ಯಾರಿಸ್ 1761ರಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ 1762ರಲ್ಲಿ ತೂಗುಫಲಕಗಳನ್ನು ತೆಗೆಸಲು ಮುಂದಾದವು. ಅವುಗಳ ಜಾಗದಲ್ಲಿ ಮನೆಗಳಿಗೆ ನಂಬರು ಬಂತು.

ಫಲಕ ಗೋಡೆಗೆ ಬಂದ ಮೇಲೆ ಉಳಿದ ಪ್ರಶ್ನೆ, ಮೊಳೆಗೆ ಹಿಡಿತ ಎಲ್ಲಿಂದ? ಹಿಂದೆ ಗೋಡೆ ಕೊರೆದು ಮರದ ಬೆಣೆ ಬಡಿದು, ಅದಕ್ಕೆ ಸ್ಕ್ರೂ ತಿರುಗಿಸುತ್ತಿದ್ದರು. ತೇವಕ್ಕೆ ಮರ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಹಿಡಿತ ಸಡಿಲ. ಲಂಡನ್ನಿನ ಗುತ್ತಿಗೆದಾರ ಜಾನ್ ಜೋಸೆಫ್ ರಾಲಿಂಗ್ಸ್, ಬ್ರಿಟಿಷ್ ಮ್ಯೂಸಿಯಂನ ಗೋಡೆಗೆ ಹಾನಿಯಾಗದಂತೆ ವಿದ್ಯುತ್ ಸಲಕರಣೆ ಜೋಡಿಸುವ ದಾರಿ ಹುಡುಕುತ್ತ, 1911ರ ಸುಮಾರಿಗೆ ಸೆಣಬಿನ ನಾರಿನ ಪ್ಲಗ್ ರೂಪಿಸಿದ. ಸ್ಕ್ರೂ ಒಳಹೋದಂತೆ ಪ್ಲಗ್ ಹಿಗ್ಗಿ ರಂಧ್ರದ ಸುತ್ತ ಬಿಗಿಯುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳುವ ‘ರಾಲ್ ಪ್ಲಗ್’ ಎಂಬ ಹೆಸರು ಈತನದೇ. 1958ರಲ್ಲಿ ಜರ್ಮನಿಯ ಆರ್ತರ್ ಫಿಶರ್ ಅದನ್ನು ನೈಲಾನಿನಲ್ಲಿ ತಯಾರಿಸಿದ.

ಪ್ಲಗ್ ಒಳ್ಳೆಯದಿದ್ದರೆ ಸಾಲದು. ಮೇಲಿನ ಗಾರೆ ಭಾರ ಹೊರುವುದಿಲ್ಲ. ಪ್ಲಗ್ ಅದನ್ನು ದಾಟಿ ಗಟ್ಟಿ ಇಟ್ಟಿಗೆಯಲ್ಲೋ ಕಾಂಕ್ರೀಟಿನಲ್ಲೋ ಕೂರಬೇಕು. ರಂಧ್ರದ ಅಳತೆ ಪ್ಲಗ್‌ಗೆ ಸರಿಹೊಂದಬೇಕು, ಒಳಗಿನ ಧೂಳು ಊದಿ ತೆಗೆಯಬೇಕು. ಭಾರಿ ಫಲಕಕ್ಕೆ ಪ್ಲಗ್ ಸಾಲದು, ಕಬ್ಬಿಣದ ಆಂಕರ್ ಬೋಲ್ಟ್ ಬೇಕು.

ಈ ಪಾಠ ಮರೆತಾಗ ಏನಾಗುತ್ತದೆಂಬುದು 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಮತ್ತೆ ಕಂಡಿತು. ಬಿರುಗಾಳಿಗೆ ಪೆಟ್ರೋಲ್ ಬಂಕ್ ಮೇಲೆ ಉರುಳಿದ ಜಾಹೀರಾತು ಫಲಕ 17 ಜನರನ್ನು ಬಲಿ ತೆಗೆದುಕೊಂಡಿತು. ಪಾಲಿಕೆಯ ಮಿತಿ 40 ಅಡಿ ಉದ್ದ, 40 ಅಡಿ ಅಗಲ. ಬಿದ್ದದ್ದು ಸುಮಾರು 120 ಅಡಿ ಉದ್ದಗಲದ್ದು. ಅಂದರೆ ಗಾಳಿಗೆ ಒಡ್ಡಿದ ಮೈ ಒಂಬತ್ತು ಪಟ್ಟು.

ಅದೇ ವರ್ಷ ಕರ್ನಾಟಕದಲ್ಲಿ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ ಕಾಯ್ದೆಯಾಯಿತು. ಅಕ್ಷರ ಬದಲಾಗಬೇಕಾದರೆ ಬೋರ್ಡು ಇಳಿಯಬೇಕು, ಹೊಸದು ಏರಬೇಕು. ಹಾಗೆ ಏರಿಸುವಾಗ ಅಗಲವಾದ ಹಳೆಯ ರಂಧ್ರಕ್ಕೇ ಸ್ಕ್ರೂ ತುರುಕಿದರೆ ಹಿಡಿತ ಸಿಗದು. ಹೊಸ ರಂಧ್ರ ಕೊರೆಯುವುದೇ ಸರಿ. ಬೋರ್ಡಿನ ಅಕ್ಷರವನ್ನು ಬೀದಿಯೆಲ್ಲ ಓದುತ್ತದೆ. ಹಿಂದಿನ ಹಿಡಿತವನ್ನು ನೋಡುವವನು ಏಣಿ ಏರಿದವನೊಬ್ಬನೇ. ಕೆಳಗೆ ನಡೆದು ಹೋಗುವವರ ಜೀವ ನಿಂತಿರುವುದು ಆ ಹಿಡಿತದ ಮೇಲೆ.