ಸುವಾಸನೆ ಹೊರುವ ಎಣ್ಣೆಯ ಕಥೆ

ಈಗ ಯಾವ ಪೇಟೆಗೆ ಹೋದರೂ ಅರೋಮಾಥೆರಪಿ ಮಸಾಜ್ ಅನ್ನೋ ಬೋರ್ಡು ಕಾಣುತ್ತೆ. ಲ್ಯಾವೆಂಡರ್, ನೀಲಗಿರಿ, ಮಲ್ಲಿಗೆ ಅಂತ ಸುವಾಸನೆಯ ಹೆಸರನ್ನೇ ಹೇಳ್ತಾರೆ. ಆದರೆ ಆ ಸುವಾಸನೆ ಹನಿ ಲೆಕ್ಕದ್ದು. ನೂರು ಮಿಲಿ ಎಣ್ಣೆ ಕಲಸಿದರೆ ಅದರಲ್ಲಿ ಒಂದೆರಡು ಮಿಲಿ ಮಾತ್ರ ಸುಗಂಧ ತೈಲ. ಮಿಕ್ಕಿದ್ದೆಲ್ಲಾ ಅದನ್ನ ಹೊತ್ತುಕೊಂಡಿರೋ ಎಣ್ಣೆ, ಅಂದರೆ ಕ್ಯಾರಿಯರ್ ಆಯಿಲ್. ಅದು ಯಾವ ಬೀಜದ್ದು ಅಂತ ಈಗ ಕೇಳೋರು ಕಡಿಮೆ. ನಮ್ಮ ಹಿಂದಿನವರು ಮೊದಲು ಕೇಳ್ತಿದ್ದದ್ದೇ ಅದನ್ನ.

ನಮ್ಮ 'ಎಣ್ಣೆ' ಅನ್ನೋ ಪದವನ್ನೇ ನೋಡಿ. ಎಳ್ಳಿನ 'ಎಳ್' ಮತ್ತು ಜಿಡ್ಡು ಅನ್ನೋ ಅರ್ಥದ 'ನೆಯ್' ಸೇರಿ ಎಣ್ಣೆ ಆಗಿದೆ. ಸಂಸ್ಕೃತದ 'ತೈಲ' ಕೂಡ 'ತಿಲ' ಅಂದರೆ ಎಳ್ಳಿನಿಂದಲೇ ಬಂದದ್ದು. ಎಣ್ಣೆ ಅಂದರೆ ಮೊದಲು ಎಳ್ಳೆಣ್ಣೆ ಒಂದೇ. ಆಮೇಲೆ ಕೊಬ್ಬರಿ, ಹರಳು, ಹೊಂಗೆ ಎಲ್ಲಕ್ಕೂ ಆ ಹೆಸರು ಅಂಟಿಕೊಳ್ತು. ಕೊನೆಗೆ ನೆಲದಿಂದ ತೆಗೆದ ಸೀಮೆಎಣ್ಣೆಗೂ ಎಳ್ಳಿನ ಹೆಸರೇ ಬಂತು!

ಎಳ್ಳು ಬಹಳ ಹಳೇ ಬೆಳೆ. ಹರಪ್ಪದ ಅಗೆತದಲ್ಲಿ ಸುಟ್ಟು ಕರಕಲಾದ ಎಳ್ಳು ಸಿಕ್ಕಿದೆ. ಚರಕ ಸಂಹಿತೆ ಎಣ್ಣೆಗಳನ್ನ ಹೋಲಿಸಿ, ಬಲಕ್ಕೆ ಮತ್ತು ಮೈಗೆ ಜಿಡ್ಡು ಹಿಡಿಸೋಕೆ ಎಳ್ಳೆಣ್ಣೆ ಮೇಲು, ಭೇದಿಗೆ ಹರಳೆಣ್ಣೆ ಮೇಲು ಅಂತ ವಿಂಗಡಿಸುತ್ತೆ. ಯಾವ ಕೆಲಸಕ್ಕೆ ಯಾವ ಎಣ್ಣೆ ಅನ್ನೋ ವಿಚಾರ ಅಷ್ಟು ಹಿಂದಿನದು.

ಇನ್ನು ನಮ್ಮ ನಾಡಿನದೇ ದಾಖಲೆ. ಕಲ್ಯಾಣದ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ರಾಜನ ಅಭ್ಯಂಜನ ಹೇಗಿರಬೇಕು ಅಂತಲೂ ಅದರಲ್ಲಿದೆ. ಕೇದಗೆ, ಸಂಪಿಗೆಯಂಥ ಹೂವಿನ ವಾಸನೆ ಹಿಡಿಸಿದ ಎಳ್ಳಿನಿಂದ ತೆಗೆದ ಎಣ್ಣೆ ಅಲ್ಲಿ ಬರುತ್ತೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವಾಸನೆ ಹಿಡಿಸೋದು ಎಣ್ಣೆ ತೆಗೆದ ಮೇಲಲ್ಲ, ಎಳ್ಳು ಕಾಳಾಗಿರೋವಾಗಲೇ. ಉತ್ತರದ ಕಡೆ ಫುಲೇಲ್ ಮಾಡ್ತಿದ್ದದ್ದೂ ಹೀಗೇ. ಒಂದು ಪದರ ಎಳ್ಳು, ಒಂದು ಪದರ ಮಲ್ಲಿಗೆ ಹರಡೋದು. ಹೂವು ಬಾಡಿದರೆ ಜರಡಿ ಹಿಡಿದು ತೆಗೆದು ಹೊಸ ಹೂವು ಹಾಕೋದು. ಹಲವು ಸಲ ಹೀಗೆ ಮಾಡಿದ ಮೇಲೆ ಗಾಣಕ್ಕೆ. ಕಾಳಲ್ಲಿರೋ ಜಿಡ್ಡು ಹೂವಿನ ವಾಸನೆಯನ್ನ ಹೀರಿಕೊಂಡಿರುತ್ತೆ. ಎಳ್ಳೆಣ್ಣೆಯಲ್ಲಿ ಕಮಟು ತಡೆಯೋ ಅಂಶ ತಾನಾಗೇ ಇದೆ, ಸೆಸಮಾಲ್ ಅಂತ ಅದಕ್ಕೆ ಹೆಸರು. ವಾಸನೆ ಹೊರೋ ಕೆಲಸ ಎಳ್ಳಿಗೆ ಒಪ್ಪಿದ್ದು ಸುಮ್ಮನೆ ಅಲ್ಲ.

ಈ ಎಣ್ಣೆ ಹಿಂಡಿದವರು ತೆಲ್ಲಿಗರು, ಗಾಣಿಗರು. ಆ ಕಾಲದ ಶಾಸನಗಳಲ್ಲಿ 'ತೆಲ್ಲಿಗ ಐವತ್ತೊಕ್ಕಲು' ಅನ್ನೋ ಅವರ ಸಂಘ ಬರುತ್ತೆ. ದೇವಸ್ಥಾನದ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲಿಗೆ ಎಣ್ಣೆ ಅಂತ ಬಿಟ್ಟುಕೊಟ್ಟದ್ದೂ, ಗಾಣದೆರೆ ಕಟ್ಟಿದ್ದೂ ಕಲ್ಲಲ್ಲಿದೆ. ಶರಣರಲ್ಲೂ ಗಾಣದ ಕಣ್ಣಪ್ಪ ಇದ್ದ. ರಾಜನ ಅಭ್ಯಂಜನದ ಹಿಂದೆ ಒಬ್ಬ ರೈತನ ಎಳ್ಳಿನ ಹೊಲ, ಒಂದು ಗಾಣ, ಒಂದು ಜೊತೆ ಎತ್ತು ಇದ್ದೇ ಇರ್ತಿತ್ತು.

ಅರೋಮಾಥೆರಪಿ ಅನ್ನೋ ಹೆಸರು ಬಂದದ್ದು ಬಹಳ ಈಚೆಗೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟ್‌ಫೊಸೆ 1937ರಲ್ಲಿ ಆ ಹೆಸರಿನ ಪುಸ್ತಕ ತಂದ. ಆಮೇಲೆ ಮಾರ್ಗರೀಟ್ ಮೋರಿ ಅನ್ನೋ ಹೆಣ್ಣುಮಗಳು ಸುಗಂಧ ತೈಲವನ್ನ ಬೀಜದೆಣ್ಣೆಯಲ್ಲಿ ತೆಳು ಮಾಡಿ ಮೈಗೆ ತಿಕ್ಕೋ ಪದ್ಧತಿಯನ್ನ ಅಲ್ಲಿ ಬೆಳೆಸಿದಳು. ಅವಳ ಪುಸ್ತಕ 1961ರದ್ದು. ತೆಳು ಮಾಡೋ ಆ ಮಾತು ಸರಿಯಾದ್ದೇ. ಸುಗಂಧ ತೈಲವನ್ನ ಹಾಗೇ ಮೈಗೆ ಸುರಿದುಕೊಂಡರೆ ಉರಿ, ಗಂಧೆ ಏಳಬಹುದು. ನೂರು ಮಿಲಿಗೆ ಒಂದೆರಡು ಮಿಲಿ ಸಾಕು. ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು.

ಹೊತ್ತ ಎಣ್ಣೆ ಕೆಟ್ಟದ್ದು ಬೇರೆ ದಾರಿಯಲ್ಲಿ. ಪೆಟ್ರೋಲಿಯಮ್ಮಿನಿಂದ ತೆಗೆಯೋ ಲಿಕ್ವಿಡ್ ಪ್ಯಾರಾಫಿನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಮಟಾಗಲ್ಲ, ಬೆಲೆಯೂ ಕಡಿಮೆ. ಮಗುವಿಗೆ ಹಚ್ಚೋ ಎಣ್ಣೆ, ತಲೆಗೆ ಹಚ್ಚೋ ಎಣ್ಣೆ ಎಷ್ಟೋ ಬಾಟಲಿಗಳಲ್ಲಿ ಈಗ ಅದೇ ಇದೆ. ಶುದ್ಧ ಮಾಡಿದ್ದು ವಿಷ ಅಂತ ನಾನು ಹೇಳಲ್ಲ. ಬಾಟಲಿ ಮೇಲೆ ಬಾದಾಮಿ, ಎಳ್ಳಿನ ಚಿತ್ರ ಹಾಕಿ ಒಳಗೆ ಅದನ್ನ ತುಂಬಿದರೆ ಮೋಸ ಹೋಗೋರು ಇಬ್ಬರು: ಕೊಂಡವನೊಬ್ಬ, ಎಳ್ಳು ಬೆಳೆದವನೊಬ್ಬ.

ಆರಿಸೋಕೆ ನನ್ನ ಲೆಕ್ಕ ಇಷ್ಟು. ಮೈಗೆಲ್ಲಾ ತಿಕ್ಕೋಕೆ ಎಳ್ಳೆಣ್ಣೆ. ಬೇಸಿಗೆಗೆ, ಕರಾವಳಿಯ ಸೆಕೆಗೆ ಕೊಬ್ಬರಿ ಎಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಚಳಿಗಾಲದಲ್ಲಿ ಬಿಸಿನೀರಲ್ಲಿ ಬಾಟಲಿ ಇಡಬೇಕು. ಹರಳೆಣ್ಣೆ ಮಂದ, ಬೇರೆ ಎಣ್ಣೆಗೆ ಸ್ವಲ್ಪ ಬೆರೆಸಿ ಹಚ್ಚೋದು ಮೇಲು. ಕುಸುಬೆ ಎಣ್ಣೆ ಹಗುರ, ಆದರೆ ಗಾಳಿಗೆ ಬೇಗ ಅಂಟಾಗುತ್ತೆ. ಸ್ವಲ್ಪ ಸ್ವಲ್ಪವೇ ತರಬೇಕು. 'ದೀಪಕ್ಕೆ ಮಾತ್ರ' ಅಂತ ಬರೆದ ಎಣ್ಣೆ ಮೈಗೆ ಬೇಡವೇ ಬೇಡ.

ಮೋಸ ಹಿಡಿಯೋಕೆ ರೈತನ ಲೆಕ್ಕ ಒಂದಿದೆ. ಗಾಣದಲ್ಲಿ ಒಂದು ಲೀಟರ್ ಎಳ್ಳೆಣ್ಣೆ ಬರಬೇಕಾದರೆ ಎರಡೂಕಾಲು, ಎರಡೂವರೆ ಕೆಜಿ ಎಳ್ಳು ಬೇಕು. ಹಿಂಡಿ ಮಾರಿದ ದುಡ್ಡು ಕಳೆದರೂ ಗಾಣದ ಕೂಲಿ, ಬಾಟಲಿ, ಸಾಗಾಣಿಕೆ ಸೇರುತ್ತೆ. ಅಂಗಡಿಯಲ್ಲಿ ಎಳ್ಳಿನ ಕೆಜಿ ಬೆಲೆ ಕೇಳಿ, ಎರಡೂವರೆಯಿಂದ ಗುಣಿಸಿ, ಆಮೇಲೆ ಬಾಟಲಿ ಬೆಲೆ ನೋಡಿ. ಬಾಟಲಿ ಬೆಲೆ ಅದರ ಅರ್ಧಕ್ಕೂ ಬರದಿದ್ದರೆ ಒಳಗಿರೋದು ಎಳ್ಳಲ್ಲ. ಆಗ ಅದನ್ನ ಅಲ್ಲೇ ಬಿಟ್ಟು, ಹತ್ತಿರದ ಗಾಣಕ್ಕೆ ಎಳ್ಳು ತಗೊಂಡು ಹೋಗಿ ಕಣ್ಣೆದುರಿಗೇ ಹಿಂಡಿಸಿ. ನಿಮ್ಮ ಕಡೆ ಬಾಣಂತಿಗೆ, ಮಗುವಿಗೆ ಯಾವ ಎಣ್ಣೆ ಹಚ್ತಿದ್ದರು, ಹಿರಿಯರನ್ನ ಕೇಳಿ ಬರೆದು ತಿಳಿಸಿ.