ಮೊದಲು ಕಾರೋ, ಮಾಡೆಲ್ಲೋ?

ಪುಟ್ಟ ಕಾರು ಕಟ್ಟೋ ಹವ್ಯಾಸ ಇರುವವರು ನಿಮ್ಮ ಆಫೀಸಲ್ಲೂ ಒಬ್ಬರಾದರೂ ಇರಬಹುದು. ಹೇಳಿಕೊಳ್ಳಲ್ಲ, ಅಷ್ಟೇ. ಮೂವತ್ತೈದು ದಾಟಿದ ಮನುಷ್ಯ, ತಲೆ ಮೇಲೆ ಇಎಂಐ, ಮಗುವಿನ ಸ್ಕೂಲ್ ಫೀಸು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಚಿಮಟ ಹಿಡಿದು, ಅಕ್ಕಿಕಾಳಿನಷ್ಟು ಸೈಡ್ ಮಿರರ್ ಅಂಟಿಸ್ತಾ ಕೂತಿರ್ತಾನೆ ಅಂತ ಯಾರಿಗೆ ಹೇಳೋದು? "ಆಟದ ಕಾರಾ?" ಅಂತ ಕೇಳಿಬಿಡ್ತಾರೆ.

ಆಟದ ಕಾರಲ್ಲ. ಮತ್ತೇನು ಅಂತ ಹೇಳೋಕೆ ಸ್ವಲ್ಪ ಇತಿಹಾಸ ಬೇಕು. ಆ ಇತಿಹಾಸದಲ್ಲಿ ಒಂದು ಮಜಾ ಇದೆ. ಮೊದಲು ಕಾರು ಬರುತ್ತೆ, ಅದನ್ನ ನೋಡಿ ಆಮೇಲೆ ಮಾಡೆಲ್ ಮಾಡ್ತಾರೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಯಾವಾಗಲೂ ಹಾಗೇ ನಡೆದಿಲ್ಲ. ಮಾಡೆಲ್ ಒಂದು ಕಾಲಕ್ಕೆ ಕಾರಿಗಿಂತ ಮುಂಚೆ ಬಂತು. ಇನ್ನೊಂದು ಕಾಲಕ್ಕೆ ಕಾರಿನ ಜೊತೆಗೇ ಬಂತು. ಕಾರಿನ ಹಿಂದೆ ಬಂದದ್ದೂ ಉಂಟು. ಈ ಮೂರರಲ್ಲಿ ಕಟ್ಟಿದವರು ಯಾರು, ಯಾರಿಗೋಸ್ಕರ ಕಟ್ಟಿದರು ಅನ್ನೋದೂ ಬದಲಾಗುತ್ತಾ ಹೋಯ್ತು.

ಶುರು ಮಾಡೋಣ, 1930ರಿಂದ. ಅಮೆರಿಕದ ಷೇರುಪೇಟೆ ಕುಸಿದು ಇನ್ನೂ ವರ್ಷ ತುಂಬಿರಲಿಲ್ಲ. ಜನರಲ್ ಮೋಟಾರ್ಸ್ ಕಾರುಗಳಿಗೆ ಬಾಡಿ ಕಟ್ಟಿಕೊಡ್ತಾ ಇದ್ದದ್ದು ಫಿಶರ್ ಬಾಡಿ ಅನ್ನೋ ವಿಭಾಗ. ಫಿಶರ್ ಅಣ್ಣತಮ್ಮಂದಿರು ಏಳು ಜನ, ಓಹಾಯೋದ ಕಮ್ಮಾರ ಮನೆತನದವರು. ಅಪ್ಪ ಕುದುರೆಗಾಡಿ ಕಟ್ಟುತ್ತಿದ್ದವರು. ಅವರ ಕಂಪನಿಯ ಲಾಂಛನವೂ ಒಂದು ಕುದುರೆ ಸಾರೋಟೇ, ನೆಪೋಲಿಯನ್ ಕಾಲದ್ದು. ಆ ವರ್ಷ ಕಂಪನಿ ಹದಿಹರೆಯದ ಹುಡುಗರಿಗೆ ಅಂತ ಒಂದು ಸ್ಪರ್ಧೆ ಶುರು ಮಾಡಿತು. ಹೆಸರು ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್. ಆ ಸಾರೋಟನ್ನು ಪುಟ್ಟ ಗಾತ್ರದಲ್ಲಿ ಕಟ್ಟಿ ಕಳಿಸಬೇಕು. ನಕ್ಷೆ ಕಂಪನಿ ಕೊಡುತ್ತೆ, ಉಳಿದದ್ದೆಲ್ಲ ಹುಡುಗನ ಕೈಕೆಲಸ. ಮರ ಕೆತ್ತಬೇಕು, ತಗಡು ಬಗ್ಗಿಸಬೇಕು, ಒಳಗಿನ ಸೀಟಿಗೆ ಬಟ್ಟೆ ಹೊಲಿಯಬೇಕು, ಬಾಗಿಲು ತೆಗೆದು ಹಾಕೋ ಹಾಗಿರಬೇಕು. ನೂರಾರು ಗಂಟೆಗಳ ಕೆಲಸ.

ಬಹುಮಾನ ಏನು ಗೊತ್ತಾ? ಗೆದ್ದ ನಾಲ್ಕು ಹುಡುಗರಿಗೆ ತಲಾ 5000 ಡಾಲರ್ ಕಾಲೇಜು ಸ್ಕಾಲರ್‌ಶಿಪ್. ಆಗ ಹೊಸ ಫೋರ್ಡ್ ಮಾಡೆಲ್ ಎ ಕಾರಿನ ಬೆಲೆ ಸುಮಾರು 500 ಡಾಲರ್. ಅಂದರೆ ಒಂದು ಪುಟ್ಟ ಗಾಡಿ ಕಟ್ಟಿದರೆ ಹತ್ತು ದೊಡ್ಡ ಗಾಡಿಯ ದುಡ್ಡು. ಕೆಲಸ ಕಳ್ಕೊಂಡ ಅಪ್ಪಂದಿರ ಮನೆಗಳಲ್ಲಿ ಆ ಮೊತ್ತಕ್ಕೆ ಎಷ್ಟು ತೂಕ ಇತ್ತು ಅಂತ ನೀವೇ ಲೆಕ್ಕ ಹಾಕಿ.

1937ರಿಂದ ಸಾರೋಟಿನ ಜೊತೆಗೆ ಕಾರಿನ ವಿಭಾಗವೂ ಬಂತು. ಆಟ ಬದಲಾದದ್ದು ಇಲ್ಲೇ. ಸಾರೋಟು ನಕಲು ಮಾಡೋ ಕೆಲಸ. ಕಾರು ಹಾಗಲ್ಲ, ಹುಡುಗನೇ ಕಲ್ಪಿಸಿಕೊಳ್ಳಬೇಕು, ಎಲ್ಲೂ ಇಲ್ಲದ ಕಾರು. ಅಳತೆ 1/12, ಅಂದರೆ ನಿಜವಾದ ಕಾರಿನ ಒಂದು ಅಡಿಗೆ ಮಾಡೆಲ್‌ನಲ್ಲಿ ಒಂದು ಇಂಚು. 17 ಅಡಿಯ ಕಾರು 17 ಇಂಚಿಗೆ ಇಳಿಯುತ್ತೆ. ನಾಳೆಯ ಕಾರು ಹೇಗಿರಬೇಕು ಅಂತ ದೇಶದ ಮೂಲೆಮೂಲೆಯ ಹುಡುಗರು ಮರದಲ್ಲಿ ಕೆತ್ತಿ ಪೆಟ್ಟಿಗೆಯಲ್ಲಿಟ್ಟು ಕಳಿಸ್ತಿದ್ದರು.

ಕಂಪನಿಗೆ ಇದರಿಂದ ಏನು ಲಾಭ? ಹೆಸರು ಬಂತು, ಅದು ಸರಿ. ಅದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಕಾರಿನ ರೂಪವನ್ನೇ ಒಂದು ಕಸುಬು ಮಾಡಿದವನು ಜನರಲ್ ಮೋಟಾರ್ಸ್‌ನ ಹಾರ್ಲಿ ಅರ್ಲ್. 1920ರ ದಶಕದ ಕೊನೆಗೆ ಅವನ ಸ್ಟುಡಿಯೋದಲ್ಲಿ ಹೊಸ ಕಾರು ಮೊದಲು ಹುಟ್ಟುತ್ತಿದ್ದದ್ದು ಜೇಡಿಮಣ್ಣಿನಲ್ಲಿ. ಮಣ್ಣಲ್ಲಿ ಆಕಾರ ತಿದ್ದಿ, ಒಪ್ಪಿಗೆ ಆದ ಮೇಲೆ ಕಬ್ಬಿಣದಲ್ಲಿ ಕಾರು. ಮಾಡೆಲ್ಲೇ ಮೂಲ, ರಸ್ತೆ ಮೇಲೆ ಓಡೋದೇ ಅದರ ನಕಲು! ಅಂಥ ಕೆಲಸಕ್ಕೆ ಕೈ ಬೇಕು, ಆ ಕೈಗಳನ್ನ ಹುಡುಕೋಕೆ ಗಿಲ್ಡ್ ಇತ್ತು. 1947ರಲ್ಲಿ ಗೆದ್ದ ಚಕ್ ಜೋರ್ಡಾನ್ ಅನ್ನೋ ಎಂಐಟಿ ವಿದ್ಯಾರ್ಥಿ 1949ರಲ್ಲಿ ಜನರಲ್ ಮೋಟಾರ್ಸ್ ಸೇರಿದ. 1986ರಿಂದ 1992ರವರೆಗೆ ಇಡೀ ಕಂಪನಿಯ ಡಿಸೈನ್ ಮುಖ್ಯಸ್ಥನಾಗಿ, ಹಿಂದೆ ಹಾರ್ಲಿ ಅರ್ಲ್ ಕೂತಿದ್ದ ಜಾಗದಲ್ಲೇ ಕೂತ. ನಮ್ಮ ಭಾಷೇಲಿ ಹೇಳೋದಾದರೆ ಕೋಡಿಂಗ್ ಕಾಂಟೆಸ್ಟು, ಹ್ಯಾಕಥಾನು, ಕ್ಯಾಂಪಸ್ ಪ್ಲೇಸ್‌ಮೆಂಟು ಮೂರೂ ಒಂದೇ ಪೆಟ್ಟಿಗೇಲಿ.

ಆದರೆ ಆ ಪೆಟ್ಟಿಗೆ ಹುಡುಗರಿಗೆ ಮಾತ್ರ. ಹುಡುಗಿಯರಿಗೆ ಪ್ರವೇಶವೇ ಇರಲಿಲ್ಲ. 1950ರ ದಶಕದ ಮಧ್ಯದಲ್ಲಿ ಹಾರ್ಲಿ ಅರ್ಲ್ ಕೆಲವು ಹೆಣ್ಣುಮಕ್ಕಳನ್ನು ಡಿಸೈನರ್‌ಗಳಾಗಿ ತಗೊಂಡ, ಪತ್ರಿಕೆಗಳಲ್ಲಿ ಅವರ ಫೋಟೋ ಬಂತು. ಅವರಿಗೆ ಬಹುಪಾಲು ಸಿಕ್ಕಿದ್ದು ಕಾರಿನ ಒಳಗಿನ ಕೆಲಸ: ಸೀಟಿನ ಬಟ್ಟೆ, ಬಣ್ಣ, ಗುಂಡಿ, ಹಿಡಿ. ಹೊರಗಿನ ಮೈ ಗಂಡಸರಿಗೇ ಇತ್ತು. ಹನ್ನೆರಡನೇ ವಯಸ್ಸಲ್ಲಿ ಯಾರ ಕೈಗೆ ಉಳಿ ಕೊಡ್ತೀವಿ ಅನ್ನೋದು ನಲವತ್ತನೇ ವಯಸ್ಸಲ್ಲಿ ಯಾರು ಮೀಟಿಂಗ್ ರೂಮಲ್ಲಿ ಕೂತಿರ್ತಾರೆ ಅನ್ನೋದನ್ನ ತೀರ್ಮಾನ ಮಾಡುತ್ತೆ. ನಮ್ಮ ಟೀಮುಗಳ ಲೆಕ್ಕ ತೆಗೆದರೂ ಇದೇ ಕಥೆ.

ಮಾಡೆಲ್ ಮೊದಲು ಅನ್ನೋ ಮಾತು ಹಳ್ಳಿಯಲ್ಲಿ ಬೆಳೆದವರಿಗೆ ಹೊಸದೇನಲ್ಲ. ನಮ್ಮ ಹಾವೇರಿ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆ ಮಣ್ಣು ತಂದು ಜೋಡೆತ್ತು ಮಾಡಿ ಪೂಜೆ ಮಾಡ್ತೀವಿ. ಹಟ್ಟಿಯಲ್ಲಿ ಎತ್ತು ಇದ್ದವರ ಮನೇಲೂ ಮಣ್ಣಿನ ಎತ್ತು, ಇಲ್ಲದವರ ಮನೇಲೂ ಮಣ್ಣಿನ ಎತ್ತು. ಇಲ್ಲದವರಿಗೆ ಅದು ಮುಂದಿನ ವರ್ಷದ ಆಸೆ. ಓಣಿ ಹುಡುಗರೆಲ್ಲ ಕಟ್ಟೆ ಮೇಲೆ ಕೂತು ಯಾರ ಎತ್ತಿನ ಕೋಡು ನೆಟ್ಟಗಿದೆ, ಯಾರದರ ಡುಬ್ಬ ಸರಿಯಾಗಿ ಎದ್ದಿದೆ ಅಂತ ನೋಡ್ತಿದ್ವಿ. ನಮ್ಮಜ್ಜ ನಂದನ್ನ ಎತ್ತಿ ಹಿಡಿದು, "ಎತ್ತೋ ನಾಯಿಯೋ ತಮ್ಮಾ ಇದು?" ಅಂತಿದ್ದ. ಆಮೇಲೆ ನಿಜವಾದ ಎತ್ತಿನ ಹತ್ತಿರ ಕರ್ಕೊಂಡು ಹೋಗಿ ಕುತ್ತಿಗೆ ಎಲ್ಲಿಂದ ಶುರುವಾಗುತ್ತೆ ಅಂತ ಕೈಯಿಟ್ಟು ತೋರಿಸ್ತಿದ್ದ. ದಿನಾ ನೋಡೋ ಎತ್ತನ್ನ ನಾನು ನಿಜವಾಗಿ ನೋಡಿದ್ದು ಮಣ್ಣಲ್ಲಿ ಮಾಡೋಕೆ ಹೋದಾಗಲೇ.

ಇನ್ನು ಎರಡನೇ ಕಾಲ, ಮಾಡೆಲ್ ಕಾರಿನ ಜೊತೆಗೇ ಬಂದದ್ದು. ಎರಡನೇ ಮಹಾಯುದ್ಧ ಮುಗಿದಿತ್ತು. 1948ರಲ್ಲಿ ಡೆಟ್ರಾಯಿಟ್ ಕಡೆಯ ವಕೀಲರೊಬ್ಬರು, ವೆಸ್ಟ್ ಗ್ಯಾಲಗ್ಲಿ ಅಂತ, ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಅನ್ನೋ ಕಂಪನಿ ಕಟ್ಟಿದರು. ಮುಂದೆ ಅದು ಎಎಂಟಿ ಅಂತಲೇ ಹೆಸರಾಯ್ತು. ಅವರ ಗಿರಾಕಿಗಳು ಮಕ್ಕಳಲ್ಲ, ಕಾರ್ ಡೀಲರ್‌ಗಳು. ಹೊಸ ವರ್ಷದ ಕಾರು ಶೋರೂಮಿಗೆ ಬರುವಾಗ ಅದರದೇ ಬಣ್ಣದ ಪುಟ್ಟ ಮಾಡೆಲ್ಲೂ ಜೊತೆಗೆ ಬರ್ತಿತ್ತು, ಅಳತೆ 1/25. ಅಪ್ಪ ಕಾರು ನೋಡೋಕೆ ಬಂದರೆ ಮಗನ ಕೈಗೆ ಒಂದು ಮಾಡೆಲ್. ಮನೆಗೆ ಹೋದ ಮೇಲೆ ಅಪ್ಪನ ತಲೆ ತಿನ್ನೋ ಕೆಲಸ ಮಗ ಮಾಡ್ತಾನೆ!

ಮೊದಲು ಅಲ್ಯೂಮಿನಿಯಂನಲ್ಲಿ ಮಾಡಿದರು, ಬೇಗನೆ ಪ್ಲಾಸ್ಟಿಕ್‌ಗೆ ಬಂದರು. ಆಗಿನ ಅಸಿಟೇಟ್ ಪ್ಲಾಸ್ಟಿಕ್ ವರ್ಷ ಕಳೆದ ಹಾಗೆ ಬಿಸಿಲಿಗಿಟ್ಟ ಹಪ್ಪಳದ ಥರ ಸೊಟ್ಟಗಾಗ್ತಿತ್ತು. ಈಗ ಸಂಗ್ರಹಕಾರರ ಬಳಿ ಇರೋ 1950ರ ದಶಕದ ಮಾಡೆಲ್‌ಗಳಲ್ಲಿ ಬೆನ್ನು ಬಾಗಿದವೇ ಹೆಚ್ಚು.

1958ರಲ್ಲಿ ಎಎಂಟಿ ಒಂದು ಉಪಾಯ ಮಾಡಿತು. ಡೀಲರ್‌ಗಳಿಗೆ ಮಾಡಿಸಿದ ಅಚ್ಚು ಹೇಗೂ ಇದೆಯಲ್ಲ, ಅದರಲ್ಲೇ ಬಿಡಿಭಾಗ ತೆಗೆದು, ಇನ್ನಷ್ಟು ಹೆಚ್ಚುವರಿ ಭಾಗ ಸೇರಿಸಿ, ಡಬ್ಬಿಗೆ ಹಾಕಿ ಅಂಗಡಿಯಲ್ಲಿಟ್ಟರು. ಒಂದೇ ಡಬ್ಬಿಯಿಂದ ಮೂರು ಥರ ಕಟ್ಟಬಹುದು: ಕಂಪನಿ ಕೊಟ್ಟ ಹಾಗೆ, ನಿಮಗೆ ಬೇಕಾದ ಹಾಗೆ ಬದಲಿಸಿ, ಇಲ್ಲವೇ ರೇಸ್ ಕಾರಾಗಿ. ಬೆಲೆ ಒಂದೂವರೆ ಡಾಲರ್ ಆಸುಪಾಸು. ಸ್ಕಾಲರ್‌ಶಿಪ್ ಇಲ್ಲ, ತೀರ್ಪುಗಾರರಿಲ್ಲ, ಹುಡುಗರಿಗೆ ಮಾತ್ರ ಅನ್ನೋ ನಿಯಮವೂ ಇಲ್ಲ.

ನನ್ನ ಪ್ರಕಾರ ಇದು ಹವ್ಯಾಸವಾದದ್ದು ಅಲ್ಲಿ. ಒಂದು ಥರ ಕಟ್ಟಿದರೆ ಉಳಿದ ಎರಡರ ಭಾಗಗಳು ಮಿಕ್ಕುತ್ತವೆ. ಮಿಕ್ಕಿದ್ದನ್ನ ಯಾರೂ ಬಿಸಾಡಲಿಲ್ಲ, ಶೂ ಡಬ್ಬಿಗೆ ಹಾಕಿಟ್ಟರು. ಗೆಳೆಯನ ಫೋರ್ಡ್ ಎಂಜಿನ್ನು ಇವನ ಷೆವರ್ಲೆಗೆ, ಇವನ ಚಕ್ರ ಇನ್ನೊಬ್ಬನಿಗೆ. ಬೇರೆಯವರು ಬರೆದ ಕೋಡ್ ತಗೊಂಡು, ತಿದ್ದಿ, ನಮ್ಮದನ್ನ ಅವರಿಗೆ ಕೊಡ್ತೀವಲ್ಲ, ಅದೇ ವ್ಯವಹಾರ ಪ್ಲಾಸ್ಟಿಕ್‌ನಲ್ಲಿ ನಡೀತಿತ್ತು. ಎಡ್ 'ಬಿಗ್ ಡ್ಯಾಡಿ' ರಾತ್ ಅನ್ನೋ ಕ್ಯಾಲಿಫೋರ್ನಿಯಾದ ಕಾರು ಕಲಾವಿದ ಗ್ಯಾರೇಜಿನಲ್ಲಿ ವಿಚಿತ್ರ ಕಾರುಗಳನ್ನ ಕಟ್ಟುತ್ತಿದ್ದ. ರೆವೆಲ್ ಕಂಪನಿ ಅವುಗಳ ಕಿಟ್ ತಂದು, ಮಾರಿದ ಪ್ರತಿ ಡಬ್ಬಿಗೆ ಅವನಿಗೆ ಒಂದು ಸೆಂಟ್ ಕೊಡ್ತಿತ್ತು. ಗಿಲ್ಡ್ ನಡೆದದ್ದು 1968ರವರೆಗೆ ಮಾತ್ರ. ಕಿಟ್ ಇವತ್ತಿಗೂ ನಡೀತಿದೆ.

ಈ ಕಾಲಕ್ಕೆ ಒಂದು ಶಾಪವೂ ಇತ್ತು. ಡೆಟ್ರಾಯಿಟ್ ವರ್ಷವರ್ಷ ಕಾರಿನ ಮುಖ ಬದಲಿಸ್ತಿತ್ತು, ಅದಕ್ಕೆ ತಕ್ಕ ಹಾಗೆ ಕಿಟ್‌ನ ಅಚ್ಚನ್ನೂ ಕೊರೆದು ಮುಂದಿನ ವರ್ಷದ ಕಾರು ಮಾಡ್ತಿದ್ದರು. ಹಾಗೆ ಕೊರೆದ ಮೇಲೆ ಹಳೇ ಕಾರು ಆ ಅಚ್ಚಿನಿಂದ ಬರೋಲ್ಲ. ಬ್ಯಾಕಪ್ ಇಲ್ಲದೆ ಫೈಲ್ ಮೇಲೇ ಬರೆದ ಹಾಗೆ. ಆಗ ಮಕ್ಕಳು ಅಂಟು ಬಳಿದು ಕಟ್ಟಿ ಮೂಲೆಗೆಸೆದ ಮಾಡೆಲ್‌ಗಳನ್ನೇ ಈಗ ಹುಡುಕಿ, ಬಿಚ್ಚಿ, ತೊಳೆದು ಮತ್ತೆ ಕಟ್ಟುವವರಿದ್ದಾರೆ.

ಮೂರನೇ ಕಾಲಕ್ಕೆ ಜಪಾನಿಗೆ ಹೋಗಬೇಕು, ಶಿಜುಓಕಾ ಊರಿಗೆ. ಅಲ್ಲಿ 1946ರಲ್ಲಿ ಯೊಶಿಯೊ ತಮಿಯಾ ಒಂದು ಸಾಮಿಲ್ ಹಾಕಿದರು. ಪಕ್ಕದಲ್ಲಿ ಮರದ ಮಾಡೆಲ್ ಮಾಡೋ ಕೆಲಸವೂ ಶುರುವಾಯ್ತು. 1951ರಲ್ಲಿ ಬೆಂಕಿ ಬಿದ್ದು ಮರವೆಲ್ಲ ಸುಟ್ಟಿತು. ಎರಡು ವರ್ಷ ಬಿಟ್ಟು ಮರದ ವ್ಯಾಪಾರ ಕೈಬಿಟ್ಟು ಮಾಡೆಲ್‌ಗಳನ್ನೇ ನಂಬಿದರು. ಅಷ್ಟರಲ್ಲಿ ಅಮೆರಿಕದಿಂದ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದ ಮಾಡೆಲ್ ಕೇಳೋರಿಲ್ಲದಂತಾಯ್ತು. 1960ರಲ್ಲಿ ತಮಿಯಾದವರು ತಂದ ಮೊದಲ ಪ್ಲಾಸ್ಟಿಕ್ ಕಿಟ್, ಯಮಾಟೊ ಯುದ್ಧನೌಕೆ, ನಷ್ಟಕ್ಕೆ ಹೋಯ್ತು. ಆಮೇಲೆ ಬಂದ ಪ್ಯಾಂಥರ್ ಟ್ಯಾಂಕ್ ಕೈ ಹಿಡೀತು. ಒಳಗೆ ಮೋಟಾರು, ಬ್ಯಾಟರಿ ಕೂರಬೇಕಿತ್ತು, ಅದು ಕೂರೋ ಗಾತ್ರ ಲೆಕ್ಕ ಹಾಕಿದಾಗ 1/35 ಬಂತು. ಬ್ಯಾಟರಿ ತೀರ್ಮಾನಿಸಿದ ಆ ಅಳತೆಯನ್ನೇ ಇವತ್ತು ಪ್ರಪಂಚದ ಬಹಳಷ್ಟು ಟ್ಯಾಂಕ್ ಮಾಡೆಲ್‌ಗಳು ಪಾಲಿಸ್ತಿವೆ.

1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರನ್ನ 1/12ರಲ್ಲಿ ತಂದರು. ಯೊಶಿಯೊ ಅವರ ಮಗ ಶುನ್ಸಾಕು ತಮಿಯಾ, 2025ರಲ್ಲಿ ತೊಂಬತ್ತನೇ ವಯಸ್ಸಲ್ಲಿ ತೀರಿಕೊಂಡರು, ಅವರದೊಂದು ಕಥೆ ಮಾಡೆಲ್ ಕಟ್ಟುವವರಲ್ಲಿ ಎಲ್ಲರಿಗೂ ಗೊತ್ತು. 1976ರಲ್ಲಿ ಬಂದ ಪೋರ್ಷೆ ಮಾಡೆಲ್‌ಗೋಸ್ಕರ ಫೋಟೋ, ನಕ್ಷೆ ಸಾಲಲ್ಲ ಅಂತ ಒಂದು ನಿಜವಾದ ಪೋರ್ಷೆ 911 ಕೊಂಡು ಬಿಚ್ಚಿ ಹರವಿದರು. ಮತ್ತೆ ಜೋಡಿಸೋಕೆ ಮೆಕ್ಯಾನಿಕ್‌ಗಳನ್ನ ಕರೆಸಬೇಕಾಯ್ತು. ಇಲ್ಲಿ ಕಾರು ಮೊದಲು, ಮಾಡೆಲ್ ಆಮೇಲೆ. ಆದರೆ ಆ ಕಾರು ಕೊಂಡದ್ದೇ ಮಾಡೆಲ್‌ಗಾಗಿ!

ಕುಗ್ಗಿಸೋದು ಅಂದರೆ ಭಾಗಿಸಿಬಿಡೋದು ಅಂದ್ಕೋಬೇಡಿ. ಕಾರಿನ ಮೈಮೇಲಿನ ಬಣ್ಣದ ದಪ್ಪ ಸುಮಾರು 0.1 ಮಿಲಿಮೀಟರ್. ಅದೇ ಬಣ್ಣವನ್ನ ಅದೇ ದಪ್ಪಕ್ಕೆ 1/24 ಮಾಡೆಲ್‌ಗೆ ಹೊಡೆದರೆ ಲೆಕ್ಕದಲ್ಲಿ ಅದು 2.4 ಮಿಲಿಮೀಟರ್ ದಪ್ಪದ ಪದರ, ಗೋಡೆಗೆ ಗಾರೆ ಮಾಡಿದ ಹಾಗೆ. ಬಾಗಿಲ ಸಂದುಗಳು ಮುಚ್ಚಿಹೋಗ್ತವೆ. ಮೆಟಾಲಿಕ್ ಬಣ್ಣದ ಮಿನುಗು ಪುಡಿಯೂ ಕಾರಿನ ಜೊತೆ ಕುಗ್ಗಲ್ಲ, ಮೈಮೇಲೆ ಚಮಕಿ ಉದುರಿಸಿದಂತೆ ಕಾಣುತ್ತೆ. ಅದಕ್ಕೇ ಈ ಗೆಳೆಯರು ಸೇರಿದ ಕಡೆ ಕಾರಿನ ಮಾತಿಗಿಂತ ಥಿನ್ನರು, ಪ್ರೈಮರು, ಏರ್‌ಬ್ರಷ್ಷು, ಉಜ್ಜುಕಾಗದದ ನಂಬರಿನ ಮಾತೇ ಜಾಸ್ತಿ. ಇನ್ನೊಂದು ಮಾತು, ಬಿಚ್ಚದೇ ಪೇರಿಸಿಟ್ಟ ಡಬ್ಬಿಗಳದ್ದು. ಇನ್ನೆರಡು ಜನ್ಮ ಸಾಲದಷ್ಟು ಇಟ್ಟುಕೊಂಡವರು ಪ್ರತಿ ಗುಂಪಲ್ಲೂ ಇರ್ತಾರೆ. ಓದದ ಪುಸ್ತಕ ಕೊಳ್ಳುವವರು ನಗಬೇಡಿ.

ಗಿಲ್ಡ್ ಕಾಲದಲ್ಲಿ ಮಾಡೆಲ್ ಕಟ್ಟೋದು ಕೆಲಸಕ್ಕೆ ದಾರಿಯಾಗಿತ್ತು. ಶೋರೂಮಲ್ಲಿ ಅದು ವ್ಯಾಪಾರದ ಗಾಳ. ಕಿಟ್ ಡಬ್ಬಿ ಬಂದ ಮೇಲೆ ಕಟ್ಟುವವರು ಅದನ್ನ ತಮ್ಮದು ಮಾಡ್ಕೊಂಡರು. ಇದು ನನಗೆ ಯಾಕೆ ಮುಖ್ಯ ಅಂದರೆ, ನಮ್ಮ ಕಸುಬಿನಲ್ಲಿ ಬಿಡುವಿಗೂ ಲೆಕ್ಕ ಕೇಳ್ತಾರೆ. ವೀಕೆಂಡಲ್ಲಿ ಏನಾದ್ರೂ ಮಾಡಿದರೆ "ರೆಸ್ಯೂಮೆಗೆ ಹಾಕಿದ್ಯಾ? ದುಡ್ಡು ಬರುತ್ತಾ?" ಅಂತಾರೆ. ಯಾರಿಗೂ ಒಪ್ಪಿಸಬೇಕಿಲ್ಲದ ಒಂದು ಕೆಲಸವನ್ನ ಸರಿಯಾಗಿ ಮಾಡೋದು ಈಗ ದುಬಾರಿ ವಸ್ತು. ಮಾಡೆಲ್ ಕಟ್ಟುವವನು ಎಂಜಿನ್ನಿನ ಒಂದೊಂದು ತಂತಿಗೂ ಬಣ್ಣ ಬಳಿದು, ಆಮೇಲೆ ಬಾನೆಟ್ ಮುಚ್ಚಿ ಅಂಟಿಸಿಬಿಡ್ತಾನೆ. ಒಳಗೆ ಸರಿಯಿದೆ ಅಂತ ಅವನಿಗೆ ಗೊತ್ತು, ಅವನ ಗೆಳೆಯರಿಗೆ ಗೊತ್ತು. ಸಾಕು.

ಕಾರು ಹೋಗಿ ಮಾಡೆಲ್ ಮಾತ್ರ ಉಳಿಯೋ ನಾಲ್ಕನೇ ಕಾಲವೂ ಬರುತ್ತೆ. ನಮ್ಮ ಅಂಬಾಸಿಡರ್ ಉತ್ಪಾದನೆ 2014ರಲ್ಲಿ ನಿಂತಿತು. ಇನ್ನೂ ಅಲ್ಲೊಂದು ಇಲ್ಲೊಂದು ಮನೆ ಮುಂದೆ ಧೂಳು ಹಿಡಿದು ನಿಂತಿರ್ತವೆ. ಉದ್ದ ಸುಮಾರು 4 ಮೀಟರ್ 32 ಸೆಂಟಿಮೀಟರ್, 1/24ಕ್ಕೆ ಇಳಿಸಿದರೆ 18 ಸೆಂಟಿಮೀಟರ್. ಮುಂದೆ ಅಂಥದ್ದೊಂದು ಕಣ್ಣಿಗೆ ಬಿದ್ದರೆ ಸೆಲ್ಫಿ ಆಮೇಲೆ ತಗೊಳ್ಳಿ. ಮೊದಲು ಟೇಪು ಹಿಡಿದು ಬಾನೆಟ್ಟಿನ ಆ ದುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಕಟ್ಟುವವರಿಗೆ ಬೇಕಾಗುತ್ತೆ.