ಡೂಮ್‌ಗೆ ದಾರಿ ತೋರಿಸಿದ ಬಡ ಮಷೀನು

ಹೋದ ವರ್ಷ ಊರಿಗೆ ಹೋದಾಗ ಅಪ್ಪ ಫೋನ್ ಕೈಗಿಟ್ಟು, "ನೀವು ಮಾಡಿದ್ದಂತಲ್ಲೋ ಇದು, ತೆಗೆದ್ರೆ ಸುಮ್ನೆ ಸುತ್ತುತಾನೇ ಇರುತ್ತೆ" ಅಂದರು. ನಮ್ಮ ಟೀಮ್ ಮಾಡಿದ ಬಿಲ್ ಕಟ್ಟೋ ಆ್ಯಪ್ ಅದು. ಅಪ್ಪನದು 2 ಜಿಬಿ ರ‍್ಯಾಮಿನ ಹಳೇ ಫೋನು. "ಫೋನ್ ಬದಲಾಯ್ಸಪ್ಪ" ಅಂದುಬಿಟ್ಟೆ. ಅವರು ಏನೂ ಮಾತಾಡದೆ ಫೋನ್ ಜೇಬಿಗಿಟ್ಟು ಹಿತ್ತಲಿಗೆ ಹೋದರು.

ವಾಪಸ್ ಬರೋವಾಗ ಬಸ್ಸಿನಲ್ಲಿ ನನಗೆ ನೆನಪಾಗಿದ್ದು ಡೂಮ್ ಗೇಮಿನ ಕಥೆ.

1992ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ಪಿಸಿಗೆ ವುಲ್ಫೆನ್‌ಸ್ಟೈನ್ 3ಡಿ ತಂದಿತು. ಅದನ್ನು ಸೂಪರ್ ನಿಂಟೆಂಡೊ ಕನ್ಸೋಲಿಗೆ ಇಳಿಸೋ ಕೆಲಸ ಹೊರಗಿನವರಿಗೆ ಕೊಟ್ಟಿದ್ದರು, ಅದು ಮುಗಿಯಲೇ ಇಲ್ಲ. ಅಷ್ಟರಲ್ಲಿ ಡೂಮ್ ಶುರು ಮಾಡಿದ್ದ ಇಡ್‌ನವರು ಅದನ್ನು ಪಕ್ಕಕ್ಕಿಟ್ಟು ತಾವೇ ಕೂರಬೇಕಾಯ್ತು. ಕನ್ಸೋಲಿನ ಪ್ರೊಸೆಸರ್ ವೇಗ ಹೆಚ್ಚೆಂದರೆ 3.58 ಮೆಗಾಹರ್ಟ್ಸ್, ರ‍್ಯಾಮ್ 128 ಕೆಬಿ. ಪರದೆಯ ಪ್ರತಿ ಉದ್ದಗೀಟಿಗೂ ಒಂದು ಕಿರಣ ಬಿಟ್ಟು, ಅದು ಯಾವ ಗೋಡೆಗೆ ತಾಗುತ್ತೆ ಅಂತ ಲೆಕ್ಕ ಹಾಕೋದು ಪಿಸಿಯಲ್ಲಿ ನಡೆದಿತ್ತು. ಇಲ್ಲಿ ನಡೆಯಲಿಲ್ಲ.

ಆಗ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಬಿಎಸ್‌ಪಿ ಟ್ರೀ ಕಡೆ ತಿರುಗಿದರು. 1980ರ ಒಂದು ಸಂಶೋಧನಾ ಪ್ರಬಂಧದಲ್ಲಿ ಬಂದಿದ್ದ ವಿಚಾರ ಅದು. ನಕ್ಷೆಯನ್ನು ಮತ್ತೆ ಮತ್ತೆ ಎರಡಾಗಿ ಸೀಳುತ್ತಾ ಮರದ ಹಾಗೆ ಜೋಡಿಸಿಟ್ಟರೆ, ಆಟಗಾರ ಎಲ್ಲಿ ನಿಂತರೂ ಯಾವ ಗೋಡೆ ಮುಂದೆ, ಯಾವುದು ಹಿಂದೆ ಅಂತ ಬೇಗ ಗೊತ್ತಾಗುತ್ತೆ. ಕಷ್ಟದ ಲೆಕ್ಕ ಆಟ ಮಾಡುವವರ ಮಷೀನಿನಲ್ಲೇ ಮುಗಿದಿರುತ್ತೆ. ಮದುವೆ ಮನೆಯಲ್ಲಿ ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟ ಹಾಗೆ.

ಅದೇ ಉಪಾಯವನ್ನು ಅವರು ಡೂಮ್‌ಗೂ ತಂದರು. 1993ರ ಡಿಸೆಂಬರ್ 10ರಂದು ಬಂದ ಡೂಮ್‌ನ ಓರೆ ಗೋಡೆ, ಮೆಟ್ಟಿಲು, ಎತ್ತರತಗ್ಗಿನ ನೆಲ ಇವೆಲ್ಲ 386, 486 ಪಿಸಿಗಳಲ್ಲಿ ಓಡಿದ್ದರ ಹಿಂದೆ ಈ ಬಡ ಕನ್ಸೋಲಿನ ಋಣ ಇದೆ.

ಆಮೇಲೆ ಡೂಮ್ ಅನ್ನೇ ಆ ಕನ್ಸೋಲಿಗೆ ತಂದವರು ರ‍್ಯಾಂಡಿ ಲಿಂಡೆನ್. ಡೂಮ್ ಕೇಳ್ತಿದ್ದಿದ್ದು 4 ಎಂಬಿ ರ‍್ಯಾಮ್, ಅದರ ಡೇಟಾ 10 ಎಂಬಿಗೂ ಜಾಸ್ತಿ. ಕಾರ್ಟ್ರಿಜ್ಜಿನಲ್ಲಿ ಇದ್ದ ಜಾಗ 2 ಎಂಬಿ. ಇಡ್‌ನ ಸೋರ್ಸ್ ಕೋಡ್ ಅವರ ಹತ್ತಿರ ಇರಲಿಲ್ಲ, ಹಾಗಾಗಿ ಎಂಜಿನ್ ಪೂರ್ತಿ ತಾವೇ ಬರೆದರು. ಡೆವಲಪ್‌ಮೆಂಟ್ ಕಿಟ್ ಇಲ್ಲದೆ ಸ್ಟಾರ್ ಫಾಕ್ಸ್ ಗೇಮಿನ ಕಾರ್ಟ್ರಿಜ್ ಬಿಚ್ಚಿ, ಅಮಿಗಾ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡಿದರು. ಮಾದರಿ ಓಡಿದ ಮೇಲೇ ತಮ್ಮ ಕಂಪನಿಗೆ ತೋರಿಸಿದ್ದು. ಸಹಾಯಕ್ಕಿದ್ದಿದ್ದು ಕಾರ್ಟ್ರಿಜ್ಜಿನೊಳಗೇ ಕೂರುವ 21 ಮೆಗಾಹರ್ಟ್ಸಿನ ಸೂಪರ್ ಎಫ್‌ಎಕ್ಸ್ 2 ಚಿಪ್ಪು.

ಏನು ಬಿಟ್ಟರು ನೋಡಿ. ನೆಲ, ಚಾವಣಿ ಮೇಲಿನ ಚಿತ್ತಾರ ಹೋಯ್ತು, ಬರೀ ಬಣ್ಣ ಉಳೀತು. ರಾಕ್ಷಸರ ಬೆನ್ನು, ಪಕ್ಕೆಯ ಚಿತ್ರಗಳು ಹೋದವು, ಯಾವಾಗ ನೋಡಿದರೂ ನಿಮ್ಮ ಕಡೆಗೇ ಮುಖ. ಆಟ ಕಾಣುವ ಕಿಟಕಿ ಚಿಕ್ಕದಾಯ್ತು, ಕೆಲವು ಹಂತಗಳೂ ಹೋದವು. ಆದರೆ ನಕ್ಷೆಗಳ ಆಕಾರ, ಮೆಟ್ಟಿಲು, ಲಿಫ್ಟು, ಸಂಗೀತ ಉಳಿದವು. ಮೂಲೆ ತಿರುಗುವಾಗ ಆಗೋ ಭಯಕ್ಕೆ ಬೇಕಾದ್ದು ಇವೇ ಅಲ್ವಾ?

1995ರಲ್ಲಿ ಬಂದ ಈ ಡೂಮ್ ತಡವರಿಸಿಕೊಂಡೇ ಓಡ್ತಿತ್ತು, ಆಟ ಸೇವ್ ಮಾಡೋ ಅನುಕೂಲವೂ ಇರಲಿಲ್ಲ. ಪಿಸಿಯಲ್ಲಿ ಆಡಿದವರಿಗೆ ಇದು ಸಪ್ಪೆ. ಮನೆಯಲ್ಲಿ ಪಿಸಿಯೇ ಇಲ್ಲದವರಿಗೆ, ಡೂಮ್ ಆಡೋಕೆ ಆಯ್ತಲ್ಲ ಅನ್ನೋದೇ ದೊಡ್ಡದು. 2020ರಲ್ಲಿ ಲಿಂಡೆನ್ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಊರಿಂದ ಬಂದವನು ನಮ್ಮ ಆ್ಯಪ್ ಬಿಚ್ಚಿ ನೋಡಿದೆ. ತೆಗೆದ ತಕ್ಷಣ ಮೂರು ವರ್ಷದ ಹಳೇ ಬಿಲ್ಲುಗಳನ್ನೆಲ್ಲ ಎಳೆದು, ಫೋನಿನಲ್ಲೇ ಲೆಕ್ಕ ಹಾಕಿ, ಗ್ರಾಫ್ ಕುಣಿಸ್ತಿತ್ತು. ಅಪ್ಪನಿಗೆ ಬೇಕಿದ್ದಿದ್ದು ಈ ತಿಂಗಳ ಬಿಲ್ ಒಂದೇ. ಲೆಕ್ಕವನ್ನು ಸರ್ವರಿಗೆ ಹಾಕಿದೆವು, ಗ್ರಾಫ್ ತೆಗೆದೆವು. ಡಿಸೈನ್ ಟೀಮಿನ ಜೊತೆ ಎರಡು ಮೀಟಿಂಗ್ ಜಗಳವೂ ಆಯ್ತು.

ಸಂಕ್ರಾಂತಿಗೆ ಹೋದಾಗ ಅಪ್ಪ ತಾವೇ ಬಿಲ್ ಕಟ್ಟಿ, "ಈಗ ಪರವಾಗಿಲ್ಲ ಕಣೋ" ಅಂದರು. ಅದೇ ಫೋನು. ಅಂಥದ್ದೇ ಒಂದು ಫೋನನ್ನು ಈಗ ನಾನೂ ಆಫೀಸಿನ ಟೇಬಲ್ ಮೇಲೆ ಇಟ್ಟುಕೊಂಡಿದ್ದೀನಿ. ಹೊಸ ಕೋಡ್ ಮೊದಲು ಅದರಲ್ಲಿ ಓಡಬೇಕು.